ತಮ್ಮನ ಕೇರಳ ಲಾಟರಿ ಟಿಕೆಟ್‌ಗೆ 1 ಲಕ್ಷ ಬಂದಿದೆ, ಕಾಗದ ಕೊಟ್ಟು 76 ದಿನವಾದರೂ ಹಣ ಬಂದಿಲ್ಲ. ಎಲ್ಲಿ ವಿಚಾರಿಸಬೇಕು?

ಇಂಡಿಯ ಅಕ್ಕ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ವಿಷಯ ತುಸು ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮ ಲಾರಿ ಚಾಲಕ. ಇಂಡಿಯ ಲಿಂಬೆ, ಸುಗ್ಗಿ ಇದ್ದಾಗ ಬಸವನ ಬಾಗೇವಾಡಿ ಕಡೆಯ ಉಳ್ಳಾಗಡ್ಡಿ ತುಂಬಿಕೊಂಡು ಕೊಚ್ಚಿಗೆ ಹೋಗುತ್ತಾನೆ. ಕೊಯಮತ್ತೂರು ದಾಟಿದ ಮೇಲೆ ವಾಳಯಾರಿನಲ್ಲಿ ಕೇರಳ ಶುರುವಾಗುತ್ತದೆ. ಅಲ್ಲಿ ಚಹಾಕ್ಕೆ ನಿಂತಾಗ ಒಂದು ಟಿಕೆಟ್ ಕೊಂಡು, ಲಾರಿಯ ಕಾಗದಪತ್ರದ ಚೀಲದಲ್ಲಿಟ್ಟು ಮರೆತಿದ್ದ. ಒಂಬತ್ತು ದಿನ ಕಳೆದು ಮುಂದಿನ ಲೋಡಿಗೆ ಹೋದಾಗ ಅದೇ ಅಂಗಡಿಯವರು ಫಲಿತಾಂಶದ ಹಾಳೆ ನೋಡಿ, ಇದಕ್ಕೆ 1 ಲಕ್ಷ ಬಂದಿದೆ ಎಂದರಂತೆ. ಅಲ್ಲಿಯೇ ಕುಳಿತಿದ್ದ ಒಬ್ಬ, "ಟಿಕೆಟ್ ನನಗೆ ಕೊಡು, ಈಗಿಂದೀಗಲೇ 75 ಸಾವಿರ ಎಣಿಸುತ್ತೇನೆ, ಕಚೇರಿ ಅಲೆಯುವುದು ತಪ್ಪುತ್ತದೆ" ಎಂದನಂತೆ. ತಮ್ಮ ನನಗೆ ಫೋನ್ ಮಾಡಿದ. ಯಾರ ಕೈಗೂ ಕೊಡಬೇಡ, ಊರಿಗೆ ತೆಗೆದುಕೊಂಡು ಬಾ ಎಂದೆ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಲಾರಿಯಲ್ಲಿ ಕಿಟಕಿ ತೆರೆದು ಮಲಗುವವನು ಅವನು.

ಅವನು ಓದಿದ್ದು ಏಳನೆಯ ತರಗತಿ. ಹೀಗಾಗಿ ಕಾಗದದ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಡ್ರಾ ಆದ ದಿನದಿಂದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು ಎಂದು ತಿಳಿಯಿತು. ಟಿಕೆಟ್‌ನ ಎರಡೂ ಬದಿಯ ಪ್ರತಿ, ಎರಡು ಫೋಟೊ, ಆಧಾರ್, ಪ್ಯಾನ್ ಎಲ್ಲವಕ್ಕೂ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತು. ನಮ್ಮ ಪಶು ವೈದ್ಯರು ಒಂದು ಮಾತೂ ಕೇಳದೆ ಎಲ್ಲಕ್ಕೂ ಸಹಿ ಹಾಕಿ ಮೊಹರು ಒತ್ತಿಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ರಸೀದಿಗೆ ಹಚ್ಚುವ 1 ರೂಪಾಯಿಯ ರೆವೆನ್ಯೂ ಸ್ಟಾಂಪಿಗಾಗಿ ಎರಡು ಅಂಚೆ ಕಚೇರಿ ತಿರುಗಿದೆ. ಬ್ಯಾಂಕಿನ ಮೂಲಕವೂ ಕಳಿಸಬಹುದು ಎಂದು ಓದಿ ಇಲ್ಲಿನ ಒಂದು ಶಾಖೆಗೆ ಹೋದರೆ, ಅಂಥದ್ದನ್ನು ನಾವು ಕಂಡೇ ಇಲ್ಲ ಎಂದು ಕಾಗದವನ್ನು ಮುಟ್ಟಲೂ ಇಲ್ಲ. ಕೊನೆಗೆ 24ನೆಯ ದಿನ ತಮ್ಮನೇ ಅಲ್ಲಿನ ಜಿಲ್ಲಾ ಲಾಟರಿ ಕಚೇರಿಗೆ ಹೋಗಿ ಕೊಟ್ಟು ಬಂದ. ಅಲ್ಲಿಯವರು ಚೆನ್ನಾಗಿ ಮಾತನಾಡಿಸಿದರಂತೆ, ಸ್ವೀಕೃತಿಯೂ ಕೈಯಲ್ಲಿದೆ.

ಅಂದಿನಿಂದ ಇಂದಿಗೆ 76 ದಿನ. ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ಏರಿಲ್ಲ. ಮೊದಲು ಟಿಕೆಟ್ ಆದರೂ ಕೈಯಲ್ಲಿತ್ತು, ಈಗ ಅದೂ ಇಲ್ಲ. ಬೋರ್‌ವೆಲ್ಲಿಗೆ ಸಂಘದಿಂದ ತೆಗೆದ ಸಾಲವನ್ನು ಈ ಹಣದಿಂದ ತೀರಿಸುತ್ತೇವೆಂದು ಅವ್ವ ಸಂಘದ ಹೆಣ್ಣುಮಕ್ಕಳ ಮುಂದೆ ಹೇಳಿಬಿಟ್ಟಿದ್ದಾಳೆ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಮುಖ ನೋಡುತ್ತಾಳೆ. ತಿಳಿದವರು ದಾರಿ ತೋರಿಸಿ.

ಗಡಿಮನೆ, ನಿಪ್ಪಾಣಿ

ಅಕ್ಕಾ, ಕರ್ನಾಟಕದಲ್ಲಿ ಲಾಟರಿ ನಿಷೇಧವಾಗಿ ಎಷ್ಟೋ ವರ್ಷವಾಯಿತು. ಹೆಚ್ಚು ವಿಚಾರಿಸಲು ಹೋದರೆ ನಿಮ್ಮ ತಮ್ಮನ ಮೇಲೆಯೇ ಪ್ರಕರಣ ಬಂದೀತು ಎಂದು ನನಗೆ ಭಯ. ನಮ್ಮಲ್ಲಿ ಗಡಿ ದಾಟಿ ಕಾಗಲ್‌ಗೆ ಹೋಗಿ ಮಹಾರಾಷ್ಟ್ರದ ಟಿಕೆಟ್ ತರುವವರೂ ಬಹುಮಾನ ಬಂದರೆ ಬಾಯಿ ಬಿಡುವುದಿಲ್ಲ.

ತೆರಿಗೆ ಸಲಹೆಗಾರ, ಬೆಳಗಾವಿ

ಗಡಿಮನೆಯವರೇ, ಹೆದರಿಸಬೇಡಿ. ಈ ಹೆದರಿಕೆಯಿಂದಲೇ ಜನ 30 ದಿನ ಕಳೆದುಕೊಂಡು ಟಿಕೆಟ್ ಹರಿದು ಹಾಕುತ್ತಾರೆ, ಇಲ್ಲವೇ ಅರ್ಧ ಬೆಲೆಗೆ ಮಾರುತ್ತಾರೆ.

1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಲಾಟರಿ ನಡೆಸುವುದು ರಾಜ್ಯ ಸರ್ಕಾರಗಳಿಗೆ ಬಿಟ್ಟದ್ದು. ಬೇರೆ ರಾಜ್ಯದ ಟಿಕೆಟ್ ತನ್ನ ನೆಲದಲ್ಲಿ ಮಾರಾಟವಾಗದಂತೆ ತಡೆಯುವ ಅಧಿಕಾರವೂ ರಾಜ್ಯಕ್ಕಿದೆ. ಕರ್ನಾಟಕ 2007ರಲ್ಲಿ ಮಾಡಿದ್ದು ಅದನ್ನೇ. ಇಲ್ಲಿ ಮಾರುವುದು ತಪ್ಪು. ಕೇರಳದ ನೆಲದಲ್ಲಿ, ಕೇರಳದ ಅಂಗಡಿಯಲ್ಲಿ, ಕೇರಳ ಸರ್ಕಾರದ ಟಿಕೆಟ್ ಕೊಂಡ ಲಾರಿ ಚಾಲಕ ತಪ್ಪು ಮಾಡಿಲ್ಲ. 2024ರ ಓಣಂ ಬಂಪರ್‌ನ 25 ಕೋಟಿ ಬಂದದ್ದು ಕರ್ನಾಟಕದವರಿಗೇ ಅಲ್ಲವೇ. ತಮಿಳುನಾಡಿನಲ್ಲಿ 2003ರಿಂದಲೇ ನಿಷೇಧವಿದೆ, ಆದರೂ ಅಲ್ಲಿಯವರಿಗೆ ಕೇರಳದ ಬಹುಮಾನ ಸಂದಿದೆ. ಕೇರಳದ ಹೊರಗೆ ಕಳ್ಳದಾರಿಯಲ್ಲಿ ಕೊಂಡದ್ದಲ್ಲ ಎಂಬುದಕ್ಕೆ ವಿವರಣೆ ಕೇಳಿಯಾರು. ಅದಕ್ಕೆ ಮಾತ್ರ ಸಿದ್ಧವಾಗಿರಿ.

ಇನ್ನು ಆ 75 ಸಾವಿರದ ಮಾತು. ಅಕ್ಕಾ, ಅದನ್ನು ಒಪ್ಪದೆ ಇದ್ದದ್ದು ನೀವು ಮಾಡಿದ ಅತಿ ದೊಡ್ಡ ಒಳ್ಳೆಯ ಕೆಲಸ. 10,000 ರೂಪಾಯಿ ಮೀರಿದ ಲಾಟರಿ ಬಹುಮಾನಕ್ಕೆ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಶೇ 30ರಷ್ಟು ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. ಅಂದರೆ 1 ಲಕ್ಷಕ್ಕೆ ಕೈಗೆ ಸಿಗುವುದು ಹೆಚ್ಚೆಂದರೆ 70 ಸಾವಿರ. 70 ಸಾವಿರದ ಕಾಗದಕ್ಕೆ 75 ಸಾವಿರ ಕೊಡುವವನು ಯಾಕೆ ಕೊಡುತ್ತಾನೆ ಎಂದು ಯೋಚಿಸಿ. ಲೆಕ್ಕವಿಲ್ಲದ ಹಣವನ್ನು "ಲಾಟರಿ ಹೊಡೆಯಿತು" ಎಂದು ಬಿಳಿ ಮಾಡಿಕೊಳ್ಳಲು. ಅಂಥವನ ಕೈಯಿಂದ ನೋಟು ಎಣಿಸಿಕೊಂಡಿದ್ದರೆ ನಾಳೆ ವಿಚಾರಣೆ ನಿಮ್ಮ ಬಾಗಿಲಿಗೂ ಬರುತ್ತಿತ್ತು.

ಸ್ಟೀರಿಂಗ್, ವಿಜಯಪುರ

ನಾನೂ ಅದೇ ದಾರಿಯವನು. ತಮ್ಮನಿಗೆ ಹೇಳಿ: ಆ ದಿನದ ಫಾಸ್ಟ್ಯಾಗ್ ವಿವರ, ಮಾಲಿನ ಬಿಲ್ಲು, ಡೀಸೆಲ್ ಚೀಟಿ ಮೂರನ್ನೂ ತೆಗೆದಿಡಲಿ. ಟೋಲ್ ದಾಟಿದ ಹೊತ್ತು ಫಾಸ್ಟ್ಯಾಗ್‌ನಲ್ಲಿ ಇರುತ್ತದೆ. ಲಾರಿ ಅಂದು ಆ ದಾರಿಯಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಮಾಲೀಕರಿಂದ ಒಂದು ಪತ್ರವನ್ನೂ ಬರೆಸಿಕೊಳ್ಳಿ.

ಇನ್ನೊಂದು. ಟಿಕೆಟ್‌ನ ಹಿಂದೆ ಹೆಸರು, ವಿಳಾಸ, ಸಹಿಗೆ ಜಾಗವಿದೆ. ನಾನು ಹಣ ಕೊಟ್ಟು ಚಿಲ್ಲರೆ ಜೇಬಿಗಿಳಿಸುವ ಮೊದಲೇ ಅಲ್ಲಿ ಬರೆಯುತ್ತೇನೆ. ಬರೆಯದ ಟಿಕೆಟ್ ಯಾರ ಕೈಯಲ್ಲಿದೆಯೋ ಅವರದ್ದು. ಕ್ಲೀನರ್ ಹುಡುಗರು ಬದಲಾಗುತ್ತಿರುತ್ತಾರೆ, ಯಾರನ್ನು ದೂರಲಿ.

ನಿವೃತ್ತ ಬ್ಯಾಂಕಿನವ, ಬಾಗಲಕೋಟೆ

ತಂಗೀ, ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವನು. ನೀನು ಬರೆದದ್ದನ್ನು ಎರಡು ಸಲ ಓದಿದೆ. ಹಣ ಬಂದಿಲ್ಲ ಎನ್ನುವುದಕ್ಕಿಂತ, ಬಂದು ತಿರುಗಿ ಹೋಗಿರಬಹುದು ಎಂದು ನನ್ನ ಅನುಮಾನ. ಮೂರು ಪ್ರಶ್ನೆಗೆ ಉತ್ತರ ಕೊಡು.

ತಮ್ಮನ ಖಾತೆ ಯಾವಾಗ, ಎಲ್ಲಿ ತೆರೆದದ್ದು? ಪಾಸ್‌ಬುಕ್ಕಿನ ಹೆಸರೂ ಆಧಾರ್ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿವೆಯೇ? ಆ ಖಾತೆಯಲ್ಲಿ ಹಿಂದೆ ಎಂದಾದರೂ 50 ಸಾವಿರಕ್ಕಿಂತ ಹೆಚ್ಚು ಹಣ ಇದ್ದದ್ದುಂಟೇ?

ಇಂಡಿಯ ಅಕ್ಕ

ಅಣ್ಣಾವ್ರೇ, ಜನಧನ ಯೋಜನೆ ಬಂದ ಹೊಸತರಲ್ಲಿ ನಮ್ಮೂರ ಶಾಲೆಯಲ್ಲಿ ಮೇಜು ಹಾಕಿ ಖಾತೆ ತೆರೆದಿದ್ದರು, ಆಗಿನದು. ಆಗ ಅವನ ಬಳಿ ಆಧಾರ್ ಇರಲಿಲ್ಲ. ಪಾಸ್‌ಬುಕ್ಕಿನಲ್ಲಿ ಮನೆಯಲ್ಲಿ ಕರೆಯುವ ಚಿಕ್ಕ ಹೆಸರಿದೆ, ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಸೇರಿ ಪೂರ್ತಿ ಹೆಸರಿದೆ. 50 ಸಾವಿರ ಎಂದೂ ಇರಲಿಲ್ಲ. ಅವನ ಪಗಾರ ಮಾಲೀಕರು ಕೈಯಲ್ಲೇ ಕೊಡುತ್ತಾರೆ.

ನಿವೃತ್ತ ಬ್ಯಾಂಕಿನವ, ಬಾಗಲಕೋಟೆ

ಹಾಗಾದರೆ ನಾನು ಎಣಿಸಿದ್ದೇ ಸರಿ ಇರಬೇಕು. ವಿವರವಾಗಿ ಬರೆಯುತ್ತೇನೆ, ನಿನ್ನಂತೆ ಕಾಯುತ್ತಿರುವವರು ಇನ್ನೂ ಇರಬಹುದು.

2014ರ ಆಗಸ್ಟ್‌ನಲ್ಲಿ ಜನಧನ ಶುರುವಾದಾಗ ಗುರುತಿನ ದಾಖಲೆ ಇಲ್ಲದವರಿಗೂ ಬರೀ ಫೋಟೊ ಮತ್ತು ಸಹಿ ಇಲ್ಲವೇ ಹೆಬ್ಬೆಟ್ಟಿನ ಮೇಲೆ ಖಾತೆ ತೆರೆದುಕೊಡುತ್ತಿದ್ದೆವು. ಅದಕ್ಕೆ ಸಣ್ಣ ಖಾತೆ ಎನ್ನುತ್ತಾರೆ. ಬಡವರಿಗೆ ಬ್ಯಾಂಕಿನ ಬಾಗಿಲು ತೆರೆದ ಕೆಲಸ ಅದು, ನಾನೇ ಬಾದಾಮಿ ತಾಲ್ಲೂಕಿನ ಹಳ್ಳಿಗಳಲ್ಲಿ ರಾತ್ರಿ ಎಂಟರವರೆಗೆ ಕುಳಿತು ಅರ್ಜಿ ತುಂಬಿದ್ದೇನೆ. ಆದರೆ ಅದಕ್ಕೆ ಮಿತಿಗಳಿವೆ. ಖಾತೆಯಲ್ಲಿ ಯಾವ ಹೊತ್ತಿಗೂ 50 ಸಾವಿರಕ್ಕಿಂತ ಹೆಚ್ಚು ಇರುವಂತಿಲ್ಲ. ವರ್ಷಕ್ಕೆ ಒಟ್ಟು ಜಮೆ 1 ಲಕ್ಷ ಮೀರುವಂತಿಲ್ಲ. ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಆಮೇಲೆ ಆಧಾರ್ ಕೊಟ್ಟು ಪೂರ್ಣ ಖಾತೆ ಮಾಡಿಸಿಕೊಳ್ಳಬೇಕು. ಕೊಡದವರು ಬಹಳ ಮಂದಿ. ಕೊಟ್ಟರೂ ಕಂಪ್ಯೂಟರಿನಲ್ಲಿ ಹಳೆಯ ಮಿತಿ ಹಾಗೆಯೇ ಉಳಿದದ್ದನ್ನೂ ಕಂಡಿದ್ದೇನೆ.

ಈಗ ಅಂಥ ಖಾತೆಗೆ 60 ಸಾವಿರವೋ 70 ಸಾವಿರವೋ ಒಮ್ಮೆಲೇ ಬಂದರೆ ಒಳಗೆ ಹೋಗುವುದೇ ಇಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ ನಿಯಮದ ಪ್ರಕಾರ ಜಮೆ ಮಾಡಲಾಗದ ಹಣವನ್ನು ಬ್ಯಾಂಕು ಎರಡು ಗಂಟೆಯೊಳಗೆ ಕಳಿಸಿದವರಿಗೇ ಹಿಂದಿರುಗಿಸಬೇಕು. ಹೀಗೆ ಹಿಂದಿರುಗಿದ್ದು ನಿನ್ನ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ, ಮೊಬೈಲ್‌ಗೆ ಸಂದೇಶವೂ ಬಾರದಿರಬಹುದು. ಅಲ್ಲಿಯವರು ನಾವು ಕಳಿಸಿದೆವು ಎಂದು ಕುಳಿತಿರುತ್ತಾರೆ, ನೀನು ಬರಲಿಲ್ಲ ಎಂದು ಕುಳಿತಿರುತ್ತೀ.

ನಾಳೆಯೇ ಶಾಖೆಗೆ ಹೋಗು. ತಮ್ಮ ಊರಲ್ಲಿದ್ದರೆ ಅವನನ್ನೂ ಕರೆದುಕೊಂಡು ಹೋಗು, ಬೆರಳಚ್ಚು ಅವನದೇ ಬೇಕು. ಬಾಯಿಮಾತಿನಲ್ಲಿ ಕೇಳಬೇಡ. "ಈ ಖಾತೆಗೆ ಬಂದು ಹಿಂದಿರುಗಿದ ಜಮೆ ಇದೆಯೇ" ಎಂದು ಬರೆದುಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೋ. ಹಾಗೆಯೇ ಲಾಟರಿ ಕಚೇರಿಗೆ ಸ್ವೀಕೃತಿಯ ಸಂಖ್ಯೆ ಬರೆದು, ಹಣ ಕಳಿಸಿದ್ದರೆ ಯುಟಿಆರ್ ಸಂಖ್ಯೆ, ಅಂದರೆ ಆ ರವಾನೆಯ ಗುರುತಿನ ಸಂಖ್ಯೆ ತಿಳಿಸಿ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕು. ಆ ಸಂಖ್ಯೆ ಕೈಗೆ ಬಂದರೆ ಯಾವ ಬ್ಯಾಂಕಿನವನೂ ಗೊತ್ತಿಲ್ಲ ಎನ್ನಲಾರ.

ಹೊಸಬ, ಅಥಣಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕೇರಳ ಲಾಟರಿಯ 12 ಲಕ್ಷ ಬಂದಿದೆ ಎಂದು ಟಿಕೆಟ್‌ನ ಚಿತ್ರ, ಅಶೋಕ ಸ್ತಂಭದ ಮುದ್ರೆ ಇರುವ ಪತ್ರ ಕಳಿಸಿದ್ದಾರೆ. ಮೊದಲು ಜಿಎಸ್‌ಟಿ ಎಂದು 8,500 ಕಟ್ಟಬೇಕಂತೆ. ನಾನು ಟಿಕೆಟ್ ಕೊಂಡಿಲ್ಲ, ಆದರೆ ಮೊಬೈಲ್ ಸಂಖ್ಯೆಗೆ ಬಂದಿದೆ ಎನ್ನುತ್ತಾರೆ. ಕಟ್ಟಬಹುದೇ?

ಸ್ಟೀರಿಂಗ್, ವಿಜಯಪುರ

ಒಂದು ಪೈಸೆಯನ್ನೂ ಕಟ್ಟಬೇಡ ತಮ್ಮಾ. ಕೇರಳದ್ದು ಕಾಗದದ ಟಿಕೆಟ್, ಕೈಯಲ್ಲಿ ಹಿಡಿದು ಕೊಂಡದ್ದಕ್ಕಷ್ಟೇ ಬಹುಮಾನ. ಮೊಬೈಲ್ ಸಂಖ್ಯೆಗೆ ಬಹುಮಾನ ಬರುವುದೇ ಇಲ್ಲ.

ತೆರಿಗೆ ಸಲಹೆಗಾರ, ಬೆಳಗಾವಿ

ಜಿಎಸ್‌ಟಿ ಟಿಕೆಟ್‌ನ ಬೆಲೆಯಲ್ಲೇ ಸೇರಿರುತ್ತದೆ, ಗೆದ್ದವರಿಂದ ಮತ್ತೆ ಕೇಳುವುದಿಲ್ಲ. ಆದಾಯ ತೆರಿಗೆಯನ್ನು ಬಹುಮಾನದಲ್ಲೇ ಹಿಡಿದುಕೊಳ್ಳುತ್ತಾರೆ. ಹಣದ ಬಹುಮಾನಕ್ಕೆ ಮುಂಗಡ ಕೇಳಿದರೆ ಅದು ಮೋಸವೇ. ಈಗಾಗಲೇ ಏನಾದರೂ ಕಟ್ಟಿದ್ದರೆ ಈ ಕ್ಷಣವೇ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಇರುತ್ತದೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಒಂದು ಕಡೆ ಮಾತ್ರ ಮುಂಗಡ ತೆರಿಗೆಯ ಮಾತು ನಿಜವಾಗಿರಬಹುದು. ಅಂಗಡಿಯ ಅಥವಾ ಜಾತ್ರೆಯ ಡ್ರಾದಲ್ಲಿ ಹಣದ ಬದಲು ಮೋಟಾರ್‌ಸೈಕಲ್ ಬಂದರೆ, ಅದರ ತೆರಿಗೆ ಕಟ್ಟಿದ್ದು ಖಚಿತವಾದ ಮೇಲೆಯೇ ಗಾಡಿ ಕೊಡಬೇಕು ಎಂದು ಕಾನೂನಿದೆ. ಆಗಲೂ ಅಂಗಡಿಗೆ ಹೋಗಿ, ಗಾಡಿಯನ್ನು ಕಣ್ಣಾರೆ ಕಂಡು, ರಸೀದಿ ಪಡೆದು ಕೊಡಿ. ಅಪರಿಚಿತನ ಫೋನ್ ಸಂಖ್ಯೆಗೆ ಎಂದೂ ಕಳಿಸಬೇಡಿ.

ಮಗಳು, ಜಮಖಂಡಿ

ಎಲ್ಲರೂ ಹಣ ಪಡೆಯುವ ದಾರಿ ಹೇಳುತ್ತಿದ್ದೀರಿ, ಹೇಳಬೇಕಾದದ್ದೇ. ನಾನು ಬೇರೆ ಒಂದು ಮಾತು ಹೇಳಬೇಕಾಗಿದೆ. ಅಕ್ಕಾ, ನೊಂದುಕೊಳ್ಳಬೇಡಿ.

2007ಕ್ಕಿಂತ ಮೊದಲು ನಮ್ಮೂರ ಬಸ್ ನಿಲ್ದಾಣದ ಎದುರು ಸಾಲಾಗಿ ಲಾಟರಿ ಅಂಗಡಿಗಳಿದ್ದವು. ನನ್ನಪ್ಪ ಕಬ್ಬಿನ ಬಿಲ್ಲು ತರಲು ಹೋದವರು ರಾತ್ರಿ ಕಿಸೆಯ ತುಂಬ ಚೀಟಿ ತುಂಬಿಕೊಂಡು ಬರುತ್ತಿದ್ದರು. ಒಮ್ಮೆ ಅವರಿಗೆ 20 ಸಾವಿರ ಬಂದಿತ್ತು. ಮನೆಯಲ್ಲಿ ಹೋಳಿಗೆ ಮಾಡಿದ್ದೆವು, ನನಗೆ ಹಸಿರು ಬಣ್ಣದ ಲಂಗ ತಂದಿದ್ದರು. ನಮ್ಮ ಮನೆ ಹಾಳಾದದ್ದು ಸೋತ ದಿನಗಳಿಂದಲ್ಲ, ಆ ಹೋಳಿಗೆಯ ದಿನದಿಂದ. ಅಂದಿನಿಂದ ಅಪ್ಪ ಕಾಯುವುದನ್ನು ಕಲಿತರು. ಇಂದಲ್ಲ ನಾಳೆ ಇನ್ನೊಂದು ಬಂದೇ ಬರುತ್ತದೆ ಎಂದು ಎರಡು ವರ್ಷ ಕಾದರು. ಹೊಳೆಯ ದಂಡೆಯ ಒಂದೂವರೆ ಎಕರೆ ಹೋಯಿತು. ಲಾಟರಿ ಬಂದ್ ಆದಾಗ ಅವ್ವ ದೇವರಿಗೆ ಕಾಯಿ ಒಡೆದಳು. ಅಪ್ಪ ಮಾತ್ರ ಓಸಿ ಚೀಟಿಯ ಜೂಜಿನವರ ಕಡೆ ಹೋದರು.

ನಿಮ್ಮ ತಮ್ಮ ಒಳ್ಳೆಯ ಹುಡುಗನೇ ಇರಬೇಕು. ಆದರೂ ಈ 76 ದಿನಗಳಲ್ಲಿ ಅವನು ಎಷ್ಟು ಟಿಕೆಟ್ ಕೊಂಡಿದ್ದಾನೆ ಎಂದು ಒಮ್ಮೆ ಕೇಳಿ. ಜಗಳ ಮಾಡಿ ಕೇಳಬೇಡಿ, ಊಟಕ್ಕೆ ಬಡಿಸಿ ಪಕ್ಕದಲ್ಲಿ ಕುಳಿತು ಕೇಳಿ.

ಗಡಿಮನೆ, ನಿಪ್ಪಾಣಿ

ಜಮಖಂಡಿಯ ತಂಗೀ, ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಅಂಗಡಿಗೆ ಬೀಡಿ ಕಟ್ಟುವ ಹೆಣ್ಣುಮಕ್ಕಳು ಬರುತ್ತಾರೆ. ವಾರದ ಬಟವಾಡೆಯ ದಿನ ಅವರ ಗಂಡಂದಿರು ಗಡಿ ದಾಟಿ ಹೋಗುವುದನ್ನು ಕಂಡೂ ಕಾಣದವನಂತೆ ಇದ್ದೇನೆ.

ಇಂಡಿಯ ಅಕ್ಕ

(ನಾಲ್ಕು ದಿನದ ನಂತರ)

ಬ್ಯಾಂಕಿನ ಅಣ್ಣಾವ್ರೇ, ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಬರೆದುಕೊಟ್ಟ ಮೇಲೆ ಶಾಖೆಯವರು ನೋಡಿದರು. ತಿಂಗಳ ಹಿಂದೆಯೇ ಹಣ ಬಂದು, ಮಿತಿ ಮೀರಿದ್ದರಿಂದ ಹಿಂದಿರುಗಿದೆ. ನಾನು ಅಷ್ಟು ಸಲ ಪಾಸ್‌ಬುಕ್ ಹಾಕಿಸಲು ಹೋದಾಗ ಒಬ್ಬರೂ ಈ ಮಾತು ಹೇಳಲಿಲ್ಲ. ಸಿಟ್ಟು ಬಂತು, ಆದರೆ ಎದುರಿಗಿದ್ದ ಹುಡುಗಿ ಹೊಸಬಳು, ಅವಳೇ ಕುಳಿತು ಎಲ್ಲ ಹುಡುಕಿಕೊಟ್ಟಳು, ಅವಳ ಮೇಲೆ ಏನು ಸಿಟ್ಟು ಮಾಡಲಿ. ತಮ್ಮ ಬಂದು ಬೆರಳು ಕೊಟ್ಟ. ಆಧಾರ್‌ನಲ್ಲಿರುವಂತೆ ಹೆಸರು ತಿದ್ದಿ ಪೂರ್ಣ ಖಾತೆ ಮಾಡಿಕೊಟ್ಟಿದ್ದಾರೆ. ಎರಡೂ ಹೆಸರು ಒಬ್ಬನವೇ ಎಂದು ನೋಟರಿಯಿಂದ ಒಂದು ಪ್ರಮಾಣಪತ್ರ ಮಾಡಿಸಿದೆವು. ಅದು, ಹೊಸ ಪಾಸ್‌ಬುಕ್ಕಿನ ಪ್ರತಿ, ಹಣ ಹಿಂದಿರುಗಿದ ದಿನಾಂಕ, ಸ್ವೀಕೃತಿಯ ಪ್ರತಿ ಎಲ್ಲವನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ತಮ್ಮ ಮುಂದಿನ ಲೋಡಿಗೆ ಹೋದಾಗ ಇನ್ನೊಂದು ಪ್ರತಿಯನ್ನು ಕೈಯಾರೆ ಕೊಡುತ್ತಾನೆ.

ಜಮಖಂಡಿಯ ತಂಗೀ, ನಿನ್ನ ಮಾತು ಎರಡು ದಿನ ಎದೆಯಲ್ಲಿ ಕುಳಿತಿತ್ತು. ನಿನ್ನೆ ರಾತ್ರಿ ಅವನಿಗೆ ರೊಟ್ಟಿ ಬಡಿಸಿ ಕೇಳಿದೆ. ಅವನು ಮಾತನಾಡಲಿಲ್ಲ. ಊಟ ಬಿಟ್ಟು ಎದ್ದು ಹೋಗಿ, ಲಾರಿಯ ಸೀಟಿನ ಕೆಳಗಿದ್ದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಸುರಿದ. ಇಬ್ಬರೂ ಕುಳಿತು ಎಣಿಸಿದೆವು. 138 ಟಿಕೆಟ್, ಒಂದಕ್ಕೆ 50ರಂತೆ 6,900 ರೂಪಾಯಿ. "ಆ ಹಣ ಬಾರದಿದ್ದರೆ ಇನ್ನೊಂದಾದರೂ ಬರಲಿ ಎಂದು ಕೊಂಡೆ ಅಕ್ಕಾ" ಎಂದ. ನಾನು ಬೈಯಲಿಲ್ಲ. ನೀನು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ.

ತೆರಿಗೆ ಸಲಹೆಗಾರ, ಬೆಳಗಾವಿ

ಅಕ್ಕಾ, ಆ 6,900ನ್ನು ಬಹುಮಾನದಿಂದ ಕಳೆದು ತೆರಿಗೆ ಕಡಿಮೆ ಮಾಡಿಸಲು ಬರುವುದಿಲ್ಲ. ಲಾಟರಿಯ ಗಳಿಕೆಗೆ ಖರ್ಚಿನ ವಿನಾಯಿತಿ ಇಲ್ಲ. ಹಿಡಿದ ತೆರಿಗೆ ತಮ್ಮನ ಪ್ಯಾನ್ ಸಂಖ್ಯೆಯ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ. ಮೂಲ ತೆರಿಗೆಯ ಮೇಲೆ ಶೇ 4ರ ಸೆಸ್ (ಉಪಕರ) ಬರುತ್ತದೆ, ರಿಟರ್ನ್ ಸಲ್ಲಿಸುವಾಗ ಅದನ್ನೂ ನೋಡಿಕೊಳ್ಳಬೇಕು. ದೊಡ್ಡ ಬಹುಮಾನದವರು ಎಡವುವುದು ಇಲ್ಲೇ. 25 ಕೋಟಿಯ ಬಂಪರ್‌ನಲ್ಲಿ ಏಜೆಂಟರ ಶೇ 10 ಹೋದರೆ 22.5 ಕೋಟಿ, ಅದರಲ್ಲಿ ಶೇ 30 ಹಿಡಿದರೆ 15.75 ಕೋಟಿ ಖಾತೆಗೆ ಬರುತ್ತದೆ. ಅಷ್ಟೂ ತಮ್ಮದೇ ಎಂದುಕೊಂಡು ಹೊಲ, ಮನೆ ಕೊಂಡುಬಿಟ್ಟರೆ, ಆಮೇಲೆ ಸರ್‌ಚಾರ್ಜ್ ಮತ್ತು ಸೆಸ್ ಎಂದು ಇನ್ನೂ ಕೋಟಿಗಳಲ್ಲಿ ಕಟ್ಟಬೇಕಾಗುತ್ತದೆ. ನಿಮ್ಮದು ಸಣ್ಣ ಮೊತ್ತ, ಹೆದರಬೇಡಿ. ರಿಟರ್ನ್ ತುಂಬುವ ಕಾಲಕ್ಕೆ ಇಲ್ಲಿಯೇ ಬರೆಯಿರಿ, ನಾನು ತುಂಬಿಕೊಡುತ್ತೇನೆ, ಶುಲ್ಕ ಬೇಡ.

ಸ್ಟೀರಿಂಗ್, ವಿಜಯಪುರ

ನಮ್ಮ ಲಾರಿ ಅಡ್ಡೆಯಲ್ಲಿ ನಾಲ್ವರು ಸೇರಿ ಒಂದು ಓಣಂ ಟಿಕೆಟ್ ಕೊಳ್ಳುತ್ತೇವೆ. ಬಂದರೆ ಹೆಸರು ಯಾರದು ಬರೆಯಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲ. ತಿಳಿದವರು ಹೇಳಿ.

ತೆರಿಗೆ ಸಲಹೆಗಾರ, ಬೆಳಗಾವಿ

ಕೊಳ್ಳುವ ದಿನವೇ ನಾಲ್ವರ ಹೆಸರು, ಕೊಟ್ಟ ಹಣ, ಟಿಕೆಟ್ ಸಂಖ್ಯೆ ಬರೆದು ನಾಲ್ವರೂ ಸಹಿ ಮಾಡಿ ಫೋಟೊ ತೆಗೆದಿಟ್ಟುಕೊಳ್ಳಿ. ಕೇರಳದ ಪರಪ್ಪನಂಗಡಿಯಲ್ಲಿ ಕಸ ವಿಂಗಡಿಸುವ 11 ಹೆಣ್ಣುಮಕ್ಕಳು ಚಿಲ್ಲರೆ ಕೂಡಿಸಿ 250 ರೂಪಾಯಿಯ ಒಂದು ಟಿಕೆಟ್ ಕೊಂಡು 2023ರ ಮಾನ್ಸೂನ್ ಬಂಪರ್‌ನ 10 ಕೋಟಿ ಗೆದ್ದರು, ಹಂಚಿಕೊಂಡರು. ಬರವಣಿಗೆ ಇಲ್ಲದೆ ಬರೀ ನಂಬಿಕೆಯ ಮೇಲೆ ಬಿಟ್ಟರೆ ಸ್ನೇಹ ಮೊದಲು ಹೋಗುತ್ತದೆ.

ಇಂಡಿಯ ಅಕ್ಕ

(ಇಪ್ಪತ್ತಾರು ದಿನದ ನಂತರ)

ಇಂದು ಬೆಳಿಗ್ಗೆ 11ಕ್ಕೆ ಸಂದೇಶ ಬಂತು. ಹಣ ಜಮೆಯಾಗಿದೆ. ನಾನು ಅಂಗನವಾಡಿಯಲ್ಲಿದ್ದೆ, ಮಕ್ಕಳಿಗೆ ಹಾಲು ಕೊಡುವ ಹೊತ್ತು, ಕೈ ನಡುಗಿ ಲೋಟ ಚೆಲ್ಲಿತು. ಸಂಜೆ ಅವ್ವನನ್ನು ಕರೆದುಕೊಂಡು ಹೋಗಿ ಸಂಘದ ಸಾಲ ಪೂರ್ತಿ ಕಟ್ಟಿ ಬಂದೆವು. ಉಳಿದದ್ದು ತಮ್ಮನ ಖಾತೆಯಲ್ಲೇ ಇದೆ.

ಬ್ಯಾಂಕಿನ ಅಣ್ಣಾವ್ರೇ, ನಮ್ಮ ಓಣಿಯಲ್ಲಿ ಅದೇ ಶಾಲೆಯ ಮೇಜಿನಲ್ಲಿ ಖಾತೆ ತೆರೆದ ಇನ್ನೂ ಹದಿನಾಲ್ಕು ಮಂದಿ ಇದ್ದಾರೆ. ಸೋಮವಾರ ಅವರೆಲ್ಲರ ಆಧಾರ್ ತೆಗೆದುಕೊಂಡು ಶಾಖೆಗೆ ಹೋಗುತ್ತಿದ್ದೇನೆ. ಆ ಹುಡುಗಿ ಬನ್ನಿ ಎಂದಿದ್ದಾಳೆ.

ನಿವೃತ್ತ ಬ್ಯಾಂಕಿನವ, ಬಾಗಲಕೋಟೆ

ತಂಗೀ, ಓದಿ ಕಣ್ಣು ತುಂಬಿತು. ವಯಸ್ಸಾದವರನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗು, ಮಧ್ಯಾಹ್ನ ನೆಟ್‌ವರ್ಕ್ ಕೈಕೊಡುತ್ತದೆ. ಬೆರಳಚ್ಚು ಬಾರದವರಿದ್ದರೆ ಕೈ ತೊಳೆಸಿ, ಒರೆಸಿ, ಇನ್ನೊಮ್ಮೆ ಪ್ರಯತ್ನಿಸಲು ಹೇಳು.

ಮಗಳು, ಜಮಖಂಡಿ

ತಮ್ಮ ಹೇಗಿದ್ದಾನೆ ಅಕ್ಕಾ?

ಇಂಡಿಯ ಅಕ್ಕ

ಇಂದು ರಾತ್ರಿ ಲಿಂಬೆ ತುಂಬಿಕೊಂಡು ಹೊರಡುತ್ತಾನೆ ತಂಗೀ. ಬುತ್ತಿ ಕಟ್ಟಿಕೊಡುವಾಗ ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ, ವಾಳಯಾರಿಗಿಂತ ಈಚೆಗೆ, ಕೊಯಮತ್ತೂರಿನಲ್ಲೇ ಚಹಾ ಕುಡಿಯುತ್ತೇನೆ ಎಂದು.